ಹಳೆ ಮನೆಯ ಪಕ್ಕಾಸು, ರೀಪಿನಿಂದ ಹಬ್ಬಕ್ಕೊಂದು ಗೂಡುದೀಪ, ಜಗಲಿಗೊಂದು ಬೆಂಚು

ನಾಲ್ಕು ವರ್ಷದ ಹಿಂದೆ, ಮಾರ್ಚ್ ಕೊನೆಯ ಬಿಸಿಲಿನಲ್ಲಿ, ಉಡುಪಿ ಹತ್ತಿರದ ಕಟಪಾಡಿಯಲ್ಲಿದ್ದ ನಮ್ಮ ಅಜ್ಜನ ಮನೆಯ ಮಾಡು (ಛಾವಣಿ) ಇಳಿಸಿದರು. ಹೆಂಚನ್ನು ಒಬ್ಬರು ಎಣಿಸಿ ಕೊಂಡುಹೋದರು. ದಾರಂದ, ಬಾಗಿಲು ಇನ್ನೊಬ್ಬರ ಪಾಲಾಯಿತು. ಸಂಜೆಗೆ ಅಂಗಳದಲ್ಲಿ ಉಳಿದದ್ದು ಮಸಿ ಹಿಡಿದ ಪಕ್ಕಾಸು (ಮಾಡಿನ ಭಾರ ಹೊರುವ ಇಳಿಜಾರು ತೊಲೆ), ರೀಪುಗಳ (ಅದರ ಮೇಲೆ ಹೆಂಚು ಕೂರಿಸುವ ಪಟ್ಟಿ) ಒಂದು ರಾಶಿ. "ಅದು ಬಚ್ಚಲೊಲೆಗೆ ಆಯ್ತು. ಎರಡು ಮಳೆಗಾಲಕ್ಕೆ ಸೌದೆಯ ಚಿಂತೆ ಇಲ್ಲ" ಎಂದರು ಸೋದರಮಾವ. ನಾನು ಕತ್ತಿಯ ತುದಿಯಿಂದ ಒಂದು ಪಕ್ಕಾಸಿನ ಮೈ ಕೆರೆದು ನೋಡಿದೆ. ಮಸಿಯ ಪದರದ ಕೆಳಗೆ ಜೇನಿನ ಬಣ್ಣದ ಹಲಸು, ನಿನ್ನೆ ಕೊಯ್ದು ಇಟ್ಟ ಹಾಗೆ. "ಮಾವ, ಇದನ್ನು ಒಲೆಗೆ ಹಾಕ್ಬೇಡಿ, ನಾನು ತೆಗೆದುಕೊಂಡು ಹೋಗ್ತೇನೆ" ಎಂದು ಅವತ್ತೇ ಟೆಂಪೊ ತರಿಸಿದೆ.

ಆ ರಾಶಿಯಿಂದ ಈವರೆಗೆ ಮೂರು ಗೂಡುದೀಪ, ನೆರೆಮನೆಯವರಿಗೆ ಒಂದು ಗೋದಲಿ (ಕ್ರಿಸ್ಮಸ್‌ಗೆ ಬಾಲ ಯೇಸುವನ್ನು ಇಡುವ ಪುಟ್ಟ ಕೊಟ್ಟಿಗೆ), ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಹಂಚಲು ಎರಡು ಹರಿವಾಣ, ಜಗಲಿಯಲ್ಲಿ ಕೂರಲು ಒಂದು ಬೆಂಚು ಆಗಿವೆ. ನಾನು ಬಡಗಿಯಲ್ಲ. ಕೆಲಸ ಕಲಿತದ್ದು ನಮ್ಮೂರ ಆಚಾರ್ರ ಕೊಟ್ಟಿಗೆಯಲ್ಲಿ ಕೂತು, ನೋಡಿ, ಕೇಳಿ. ಅವರು ಮೊದಲ ದಿನವೇ ಹೇಳಿದ ಮಾತು ಈಗ ನನ್ನದೂ ಆಗಿದೆ: ಹಳೆ ಮರದಲ್ಲಿ ಮುಕ್ಕಾಲು ಕೆಲಸ ಗರಗಸ ಹಿಡಿಯುವ ಮೊದಲೇ ಮುಗಿಯಬೇಕು. ಆರಿಸುವುದು, ಮೊಳೆ ಕೀಳುವುದು, ತೊಳೆಯುವುದು, ಒಣಗಿಸುವುದು, ಹುಳಕ್ಕೆ ಮದ್ದು ಹಾಕುವುದು. ಇದಿಷ್ಟು ಸರಿಯಾದರೆ ಮುಂದಿನದು ಯಾರೂ ಮಾಡಬಹುದಾದ ಕೆಲಸ. ಅದಕ್ಕೇ ಈ ಲೇಖನದಲ್ಲಿ ಮೊದಲ ಅರ್ಧ ತಯಾರಿಗೇ ಹೋಗುತ್ತದೆ.

ನಮ್ಮಲ್ಲಿ ಒಳ್ಳೆಯ ಮರ ಏಕೆ ಸಿಗುತ್ತದೆ

ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಜಿಲ್ಲೆಗಳಲ್ಲಿ ಮುಳಿಹುಲ್ಲಿನ ಮಾಡು ನಿಧಾನಕ್ಕೆ ಹೋಗಿ ಹೆಂಚಿನ ಮಾಡು ಬಂತು. ಒಂದು ಹೆಂಚು ಎರಡು–ಮೂರು ಕಿಲೋ ತೂಗುತ್ತದೆ. ಮಾಡಿಗೆ ಸಾವಿರಗಟ್ಟಲೆ ಹೆಂಚು. ಮಳೆಗಾಲದಲ್ಲಿ ನೀರು ಹೀರಿದರೆ ಇನ್ನೂ ಭಾರ. ಅದನ್ನು ಹೊರಬೇಕಾದ ಪಕ್ಕಾಸಿಗೆ ಹಿರಿಯರು ಪೊಳ್ಳು ಮರ ಹಾಕಲಿಲ್ಲ. ಹಲಸು, ಹೆಬ್ಬಲಸು, ಕಿರಾಲುಬೋಗಿ, ಮರ್ವ, ಉಳ್ಳವರ ಮನೆಯಲ್ಲಿ ತೇಗ ಅಥವಾ ಬೀಟೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಪಾರಂಪರಿಕ ಗ್ರಾಮಕ್ಕೆ ಹೋದವರು ಕಂಬ, ಮುಚ್ಚಿಗೆಗಳ (ಮಾಡಿನ ಕೆಳಗಿನ ಹಲಗೆಯ ಒಳಚಾವಣಿ) ಮೇಲೆ ಒಮ್ಮೆ ಕೈಯಾಡಿಸಿದರೆ ಸಾಕು, ಕೆಡವಿದ ಮನೆಗಳಿಂದ ಬಂದ ಮರ ಇನ್ನೂ ಎಷ್ಟು ಬಾಳುತ್ತದೆ ಎಂದು ಗೊತ್ತಾಗುತ್ತದೆ.

ಹೊಸಬರಿಗೆ ಹಳೆ ಮರವೇ ಸುಲಭ ಎನ್ನಲು ಇನ್ನೊಂದು ಕಾರಣ ಉಂಟು. ಮಿಲ್ಲಿನಿಂದ ಹಸಿ ಹಲಗೆ ತಂದು ಸ್ಟೂಲು ಮಾಡಿದರೆ ಮೊದಲ ಬೇಸಗೆಯಲ್ಲೇ ಅದು ಬಾಗುತ್ತದೆ, ಬಿರಿಯುತ್ತದೆ. ಐವತ್ತು–ಅರವತ್ತು ಆಟಿಯ (ಜುಲೈ–ಆಗಸ್ಟ್ ಹೊತ್ತಿನ ತುಳು ತಿಂಗಳು) ಮಳೆ, ಅಷ್ಟೇ ಬೇಸಗೆ ಕಂಡ ಪಕ್ಕಾಸು ಬಾಗುವಷ್ಟು ಬಾಗಿ, ಬಿರಿಯುವಷ್ಟು ಬಿರಿದು ಮುಗಿದಿರುತ್ತದೆ. ನೀವು ಇವತ್ತು ಕಾಣುವ ಆಕಾರವೇ ಹೆಚ್ಚುಕಡಿಮೆ ನಾಳೆಯದೂ.

ಆರಿಸುವಾಗ

ಸ್ವಂತ ಮನೆಯದ್ದೋ ನೆಂಟರ ಮನೆಯದ್ದೋ ಸಿಕ್ಕಿದರೆ ಅದೇ ಒಳ್ಳೆಯದು, ಅದರ ಚರಿತ್ರೆ ನಿಮಗೆ ಗೊತ್ತಿರುತ್ತದೆ. ಇಲ್ಲದಿದ್ದರೆ ಕೆಡವಿದ ಮನೆಯ ಸಾಮಾನು ಮಾರುವವರು ಉಡುಪಿ, ಮಂಗಳೂರು ಎರಡೂ ಕಡೆ ಇದ್ದಾರೆ. ಜನವರಿಯಿಂದ ಮೇವರೆಗೆ ಮನೆ ಕೆಡಹುವ ಕಾಲ, ಆಗಲೇ ಹೋಗಿ. ಕೊಂಡದ್ದಕ್ಕೆ ರಸೀದಿ ಬರೆಸಿಕೊಳ್ಳಿ. ತೇಗ, ಬೀಟೆಯ ದೊಡ್ಡ ತುಂಡುಗಳನ್ನು ವಾಹನದಲ್ಲಿ ತರುವಾಗ ಆ ಚೀಟಿ ಜೇಬಿನಲ್ಲೇ ಇರಲಿ.

ಪ್ರತಿ ತುಂಡಿಗೂ ಮೂರು ಪರೀಕ್ಷೆ ಮಾಡಿ. ಬೆರಳ ಗೆಣ್ಣಿನಿಂದ ತಟ್ಟಿ: ಗಟ್ಟಿ ಮರ ಟಣ್ ಎನ್ನುತ್ತದೆ, ಒಳಗೆ ಗೆದ್ದಲು ತಿಂದದ್ದು ಡಬ್ ಎನ್ನುತ್ತದೆ. ಚಾಕುವಿನ ತುದಿ ಒತ್ತಿ: ಸಲೀಸಾಗಿ ಇಳಿದರೆ ಬಿಟ್ಟುಬಿಡಿ. ಕೊನೆಗೆ ಬಿಳಿ ಕಾಗದದ ಮೇಲೆ ತುಂಡನ್ನು ಕುಟ್ಟಿ. ಸಾಸಿವೆ ಕಾಳಿನಷ್ಟು ತೂತುಗಳಿಂದ ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆ ಹುಳ ಇನ್ನೂ ಬದುಕಿದೆ ಎಂದರ್ಥ. ತೂತು ಇದ್ದೂ ಪುಡಿ ಉದುರದಿದ್ದರೆ ಹಳೆಯ ಕಾಟ, ಮದ್ದು ಹಾಕಿ ಬಳಸಬಹುದು.

ತುದಿಗಳ ಕಡೆ ವಿಶೇಷ ಗಮನ ಕೊಡಿ. ಗೋಡೆಯೊಳಗೆ ಹುದುಗಿದ್ದ ತುದಿ, ಮಾಡಿನಂಚಿನಲ್ಲಿ ಮಳೆಗೆ ಸಿಕ್ಕ ತುದಿ ಸಾಮಾನ್ಯವಾಗಿ ಹಾಳಾಗಿರುತ್ತವೆ. ಅಳತೆ ಹಾಕುವಾಗ ಎರಡೂ ಕಡೆ ಅರ್ಧ ಅಡಿ ಕಡಿದು ಹೋಗುತ್ತದೆ ಎಂದೇ ಲೆಕ್ಕ ಹಿಡಿಯಿರಿ. ಅಡುಗೆ ಕೋಣೆಯ ಮೇಲಿನ ಪಕ್ಕಾಸು ಸಿಕ್ಕಿದರೆ ಮಸಿ ನೋಡಿ ಹೇಸಬೇಡಿ. ಹೊಗೆ ತಿಂದ ಮರಕ್ಕೆ ಹುಳ ಕಡಿಮೆ. ನಮ್ಮ ರಾಶಿಯಲ್ಲಿ ಅತ್ಯಂತ ಚೆನ್ನಾಗಿದ್ದದ್ದು ಅಟ್ಟದ ಮೇಲಿನವೇ.

ತೆಂಗು, ತಾಳೆ, ಬೈನೆಯ ಪಕ್ಕಾಸು ಬೇರೆ ಜಾತಿ. ಗಟ್ಟಿಯೇನೋ ಹೌದು, ಆದರೆ ಸೂಜಿಯಂಥ ಸಿಬಿರು ಏಳುತ್ತದೆ. ಕಂಬ, ಕಾಲುಗಳಿಗೆ ಸರಿ, ಕೂರುವ ಜಾಗಕ್ಕೆ ಬೇಡ.

ಪಣಂಬೂರು ಬಂದರಿನ ಆಸುಪಾಸು, ಬೈಕಂಪಾಡಿಯ ಕೈಗಾರಿಕಾ ಪ್ರದೇಶದ ಕಡೆ ಸರಕು ಬಂದ ಪೈನ್ ಮರದ ಪ್ಯಾಲೆಟ್‌ಗಳೂ ಸಿಗುತ್ತವೆ. ಹಗುರ, ಕೊಯ್ಯಲು ಸುಲಭ. ಆದರೆ ಅದರ ಮೇಲಿನ ಮುದ್ರೆ ಓದದೆ ಮನೆಗೆ ತರಬೇಡಿ. ‘ಎಚ್‌ಟಿ’ ಎಂದಿದ್ದರೆ ಮರದ ತಿರುಳನ್ನು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದಾರೆ, ಬಳಸಬಹುದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಅನಿಲ ಹಾಯಿಸಿದ್ದಾರೆ, ಅದು ಒಲೆಗೂ ಬೇಡ, ಮನೆಗೂ ಬೇಡ. ಎಣ್ಣೆಯ ಕಲೆ, ರಾಸಾಯನಿಕದ ವಾಸನೆ ಇದ್ದದ್ದನ್ನೂ ಬಿಡಿ. ಮಲ್ಪೆಯಲ್ಲಿ ಒಡೆದ ದೋಣಿಯ ಹಲಗೆ ನೋಡಲು ಬಹಳ ಚಂದ, ಆಸೆಯಾಗುತ್ತದೆ. ಆದರೆ ನೀರಿನಲ್ಲಿರುವ ಭಾಗಕ್ಕೆ ಚಿಪ್ಪು ಅಂಟದಂತೆ ವಿಷ ಬೆರೆಸಿದ ಬಣ್ಣ, ಟಾರು ಬಳಿದಿರುತ್ತಾರೆ. ಮನೆಯೊಳಗಿನ ಸಾಮಾನಿಗೆ ಅದನ್ನು ನಾನು ಬಳಸುವುದಿಲ್ಲ.

ಹಳೆಯ ಹಸಿರು, ನೀಲಿ ಬಣ್ಣ ಹೊಡೆದ ಕಿಟಕಿ ಬಾಗಿಲುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮನೆಗೆ ಬಳಸುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90ನ್ನು ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಉಂಟೆಂದೇ ಎಣಿಸಿ. ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬೇಡಿ. ಒದ್ದೆ ಮಾಡಿ ಕೆರೆದು, ಪುಡಿಯನ್ನು ಕಾಗದದಲ್ಲಿ ಕಟ್ಟಿ ತೆಗೆಯಿರಿ. ಎಳೆಮಕ್ಕಳಿರುವ ಮನೆಯಾದರೆ ಬಣ್ಣದ ಮರದ ತಂಟೆಯೇ ಬೇಡ.

ಮೊಳೆ, ಮಸಿ, ಹುಳ

ಮೊಳೆ ಕೀಳದೆ ಗರಗಸ ಇಡಬೇಡಿ. ಮೊದಲ ವರ್ಷ ಒಂದು ಪಕ್ಕಾಸನ್ನು ಕೊಯ್ಯಿಸಲು ಒಯ್ದಿದ್ದೆ. ಮೇಲೆ ಕಾಣುವ ಮೊಳೆಯೆಲ್ಲ ಕಿತ್ತಿದ್ದೆ. ಒಳಗೆ ತಲೆ ಮುರಿದು ಕೂತಿದ್ದ ಒಂದು ಕಾಣಲಿಲ್ಲ. ಮೆಷಿನ್ನಿನ ಬ್ಲೇಡಿನ ನಾಲ್ಕು ಹಲ್ಲು ಹಾರಿಹೋದವು, ಒಂದು ಚೂರು ಕೊಯ್ಯುತ್ತಿದ್ದವರ ತೋಳಿಗೆ ತಾಗಿತು. ಬ್ಲೇಡಿನ ಹಣ ಕೊಟ್ಟೆ, ಗಾಯಕ್ಕೆ ಹಣ ಕೊಟ್ಟು ಮುಗಿಯುವುದಿಲ್ಲ. ಆಮೇಲೆ ನಾನು ಹಳೆ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ, ಪ್ರತಿ ತುಂಡಿನ ನಾಲ್ಕೂ ಮೈಯ ಮೇಲೆ ನಿಧಾನವಾಗಿ ಎಳೆಯುತ್ತೇನೆ. ಕಬ್ಬಿಣ ಇದ್ದಲ್ಲಿ ದಾರ ವಾಲುತ್ತದೆ, ಅಲ್ಲಿ ಸೀಮೆಸುಣ್ಣದ ಗುರುತು.

ಕೀಳುವ ಕ್ರಮ ಹೀಗೆ: ಮೊದಲು ಮೊಳೆಯ ಚೂಪಿನ ಕಡೆಯಿಂದ ಮೆಲ್ಲ ಬಡಿದು ತಲೆಯನ್ನು ಹೊರಗೆ ತನ್ನಿ, ಆಮೇಲೆ ಇಕ್ಕಳದ ಅಡಿಗೆ ರೀಪಿನ ಚೂರು ಕೊಟ್ಟು ಎತ್ತಿ. ಚೂರು ಕೊಡದಿದ್ದರೆ ಇಕ್ಕಳ ಮರವನ್ನೇ ತಗ್ಗು ಮಾಡುತ್ತದೆ. ಜಗ್ಗದ ಮೊಳೆಗೆ ಎರಡು ಹನಿ ಎಣ್ಣೆ ಬಿಟ್ಟು ಮರುದಿನ ಬನ್ನಿ. ದಪ್ಪ ಚಪ್ಪಲಿ, ಕೈಗವಸು ಹಾಕಿಕೊಳ್ಳಿ. ಟಿ.ಟಿ. ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷವಾಯಿತು ಎಂದು ಈ ಕೆಲಸಕ್ಕೆ ಕೂರುವ ಮೊದಲೇ ನೋಡಿಕೊಳ್ಳಿ.

ಮೊಳೆಯ ತೂತಿನ ಸುತ್ತ ಕಪ್ಪು ನೀಲಿ ಕಲೆ ಇರುತ್ತದೆ. ಮರದ ಒಗರು ಕಬ್ಬಿಣದೊಂದಿಗೆ ಸೇರಿ ಆದ ಕಲೆ ಅದು. ದಯವಿಟ್ಟು ಅದನ್ನು ಕೆರೆದು ತೆಗೆಯಬೇಡಿ, ಪುಟ್ಟಿ ತುಂಬಬೇಡಿ. ಹೊಸ ಮರದಲ್ಲಿ ಎಷ್ಟು ಹಣ ಕೊಟ್ಟರೂ ಸಿಗದ ಅಂದ ಇದು.

ತೊಳೆಯಲು ಅಂಟುವಾಳದ ನೀರು, ತೆಂಗಿನ ನಾರು ಸಾಕು. ಎಳೆಯ ಉದ್ದಕ್ಕೆ ಉಜ್ಜಿ, ಅಡ್ಡಕ್ಕೆ ಉಜ್ಜಿದರೆ ಗೀರು ಬೀಳುತ್ತದೆ. ಪ್ರೆಷರ್ ವಾಷರ್ ಹಿಡಿದರೆ ಬೇಗ ಆಗುತ್ತದೆ, ಆದರೆ ಮೃದು ಎಳೆಗಳು ಕಿತ್ತುಹೋಗಿ ಮೈ ಜುಂಗಾಗುತ್ತದೆ. ತೊಳೆದದ್ದನ್ನು ಬಿಸಿಲಿಗೆ ಹಾಕಬೇಡಿ. ನೆರಳಿನಲ್ಲಿ, ನೆಲದಿಂದ ಒಂದು ಕಲ್ಲು ಎತ್ತರಿಸಿ, ಎರಡು ಸಾಲಿನ ನಡುವೆ ರೀಪಿನ ಚೂರು ಇಟ್ಟು ಗಾಳಿಯಾಡುವಂತೆ ಅಟ್ಟಿ ಹಾಕಿ. ಬೇಸಗೆಯಲ್ಲಿ ಮೂರು ವಾರ ಸಾಕು. ಜೂನ್ ನಂತರ ತೊಳೆಯುವುದೇ ಬೇಡ. ವರ್ಷಕ್ಕೆ 3,500 ಮಿ.ಮೀ. ಮಳೆ ಬೀಳುವ ನಮ್ಮ ಊರಲ್ಲಿ ಆಟಿಯಲ್ಲಿ ಒದ್ದೆ ಮಾಡಿದ ಮರಕ್ಕೆ ಬೂಸ್ಟು ಬಂದೇ ಬರುತ್ತದೆ. ಏಪ್ರಿಲ್‌ನಲ್ಲಿ ತೊಳೆದು, ಮಳೆಗಾಲ ಅಟ್ಟದಲ್ಲಿಟ್ಟು, ನವರಾತ್ರಿಯ ಹೊತ್ತಿಗೆ ಕೆಲಸಕ್ಕೆ ಕೂರುವುದು ನನ್ನ ಕ್ರಮ. ದೀಪಾವಳಿಗೂ ಕ್ರಿಸ್ಮಸ್‌ಗೂ ಸಾಕಷ್ಟು ಸಮಯ ಸಿಗುತ್ತದೆ.

ಒಣಗಿದ ಮೇಲೆ ಮದ್ದು. ಹತ್ತು ಲೀಟರ್ ಬಿಸಿನೀರಿಗೆ 300 ಗ್ರಾಂ ಬಿಳಿಗಾರ, 200 ಗ್ರಾಂ ಬೋರಿಕ್ ಆಸಿಡ್ ಪುಡಿ ಹಾಕಿ ಕರಗಿಸಿ. ಕುಂಚದಿಂದ ಮೂರು ಸಲ ಬಳಿಯಿರಿ, ಒಂದು ಸಲದ್ದು ಆರುವ ಮೊದಲೇ ಇನ್ನೊಂದು. ಕಡಿದ ತುದಿಗಳಿಗೆ ಇನ್ನಷ್ಟು, ಏಕೆಂದರೆ ಮರ ಕುಡಿಯುವುದು ತುದಿಯಿಂದ. ಮಕ್ಕಳು, ನಾಯಿ ಬೆಕ್ಕು ಹತ್ತಿರ ಬಾರದಂತೆ ನೋಡಿಕೊಳ್ಳಿ. ಈ ಮದ್ದು ಮಳೆಗೆ ತೊಳೆದುಹೋಗುತ್ತದೆ, ಮಾಡಿನ ಅಡಿಯಲ್ಲಿರುವ ಸಾಮಾನಿಗೆ ಮಾತ್ರ. ಗೇರುಬೀಜದ ಸಿಪ್ಪೆಯ ಎಣ್ಣೆ ನಮ್ಮ ಹಿರಿಯರ ಮದ್ದು, ಗೆದ್ದಲು ಹತ್ತಿರ ಸುಳಿಯುವುದಿಲ್ಲ. ಆದರೆ ಚರ್ಮಕ್ಕೆ ತಾಗಿದರೆ ಸುಟ್ಟು ಬೊಕ್ಕೆ ಏಳುತ್ತದೆ. ಮಾಡಿನ ಪಕ್ಕಾಸಿಗೆ ಅದು ಸರಿ, ಕೂರುವ ಬೆಂಚಿಗೆ ಅಲ್ಲ.

ಒಂದು ದೂಪದ ಹಲಗೆಗೆ ಮದ್ದು ಹಾಕುವುದನ್ನು ನಾನು ಅವಸರದಲ್ಲಿ ಬಿಟ್ಟಿದ್ದೆ. ಬಿಸು ಹಬ್ಬದ (ತುಳುವರ ಹೊಸವರ್ಷ) ದಿನ ಕಣಿ (ಬೆಳಿಗ್ಗೆ ಮೊದಲು ಕಾಣಬೇಕಾದ ಫಲವಸ್ತು) ಇಡಲು ಅದನ್ನು ಎತ್ತಿದರೆ ಅಡಿಯಲ್ಲಿ ಅಕ್ಕಿಹಿಟ್ಟು ಚೆಲ್ಲಿದಂತೆ ಪುಡಿ. ಪಕ್ಕದಲ್ಲಿದ್ದ ಹೊಸ ಶೆಲ್ಫಿಗೂ ಹುಳ ಹಿಡಿದಿತ್ತು.

ಗೂಡುದೀಪ: ಆರು ಚೌಕ, ಹನ್ನೆರಡು ಗಂಟು

ಮೊದಲ ಕೆಲಸಕ್ಕೆ ಇದನ್ನೇ ಹಿಡಿಯಿರಿ. ತಪ್ಪಿದರೆ ಹಾಳಾಗುವುದು ಒಂದು ರೀಪು ಮಾತ್ರ. ದೀಪಾವಳಿಗೆ ಮಂಗಳೂರಿನ ಕುದ್ರೋಳಿಯಲ್ಲಿ ನಡೆಯುವ ಗೂಡುದೀಪ ಸ್ಪರ್ಧೆಗೆ ಹೋಗಿ ನೋಡಿ, ಭತ್ತ, ಕಡ್ಡಿ, ತೆಂಗಿನ ಗರಿ ಎಲ್ಲದರಲ್ಲೂ ಮಾಡಿ ತಂದಿರುತ್ತಾರೆ. ಆದರೆ ಎಲ್ಲದಕ್ಕೂ ಮೂಲವಾದ ಸಾಂಪ್ರದಾಯಿಕ ಆಕಾರ ಒಂದೇ: ಮೇಲೊಂದು ಚೌಕ, ಕೆಳಗೊಂದು ಚೌಕ, ನಾಲ್ಕು ಬದಿಗೆ ಮೂಲೆಯ ಮೇಲೆ ನಿಂತ ನಾಲ್ಕು ಚೌಕ, ಅವುಗಳ ನಡುವೆ ಎಂಟು ತ್ರಿಕೋನ.

ಬಿದಿರಿನಲ್ಲಿ ಮಾಡುವಾಗ ಕಡ್ಡಿ ಕಡ್ಡಿಯಾಗಿ ಕಟ್ಟುತ್ತಾರೆ, ಕೈ ಪಳಗಿರಬೇಕು. ಮರದಲ್ಲಿ ಸುಲಭದ ದಾರಿ ಉಂಟು. ಈ ಆಕಾರದಲ್ಲಿ ಇರುವುದು 24 ಅಂಚು. ಪ್ರತಿ ಅಂಚೂ ಒಂದೇ ಒಂದು ಚೌಕಕ್ಕೆ ಸೇರಿದ್ದು. ಹಾಗಾಗಿ ಒಂದೇ ಅಳತೆಯ ಆರು ಚೌಕ ಮಾಡಿ ಮೂಲೆಗೆ ಮೂಲೆ ಕಟ್ಟಿದರೆ ಗೂಡು ತಾನಾಗಿ ಆಗುತ್ತದೆ. ತ್ರಿಕೋನಗಳನ್ನು ಬೇರೆ ಮಾಡುವುದೇ ಬೇಡ, ಅವು ಸಂದಿಯಲ್ಲಿ ಹುಟ್ಟಿಕೊಳ್ಳುತ್ತವೆ.

ಆರಡಿ ಉದ್ದ, ಎರಡು ಇಂಚು ಅಗಲ, ಒಂದು ಇಂಚು ದಪ್ಪದ ರೀಪು ಒಂದು ಸಾಕು. ಅದನ್ನು ಮರದ ಮಿಲ್ಲಿನಲ್ಲಿ ಅಥವಾ ಆಚಾರ್ರ ಹತ್ತಿರ ಒಂದು ಸೆಂ.ಮೀ. ಚದರದ ಉದ್ದ ಕಡ್ಡಿಗಳಾಗಿ ಸೀಳಿಸಿಕೊಳ್ಳಿ. ಆರು ಕಡ್ಡಿಯಾದರೂ ಬರುತ್ತದೆ. ಅದರಿಂದ ಸರಿಯಾಗಿ 10 ಇಂಚಿನ 24 ತುಂಡು ಕಡಿಯಿರಿ. ಸರಿಯಾಗಿ ಎಂದರೆ, ಒಂದು ತುಂಡನ್ನು ಮಾದರಿಯಾಗಿ ಇಟ್ಟು ಉಳಿದದ್ದನ್ನೆಲ್ಲ ಅದಕ್ಕೇ ಹಿಡಿದು ಗುರುತು ಮಾಡಿ. ಕಡಿದದ್ದಕ್ಕೆ ಇನ್ನೊಂದನ್ನು, ಅದಕ್ಕೆ ಮತ್ತೊಂದನ್ನು ಹಿಡಿಯುತ್ತ ಹೋದರೆ ಇಪ್ಪತ್ತನಾಲ್ಕನೆಯದು ಅರ್ಧ ಇಂಚು ಉದ್ದವಾಗಿರುತ್ತದೆ.

ಈಗ ಮೂಲೆಯ ಕಚ್ಚು. ಪ್ರತಿ ತುಂಡಿನ ಎರಡೂ ತುದಿಯಲ್ಲಿ ಒಂದು ಸೆಂ.ಮೀ. ಉದ್ದಕ್ಕೆ, ಅರ್ಧ ದಪ್ಪ ಮರ ತೆಗೆಯಬೇಕು. ಒಂದೊಂದೇ ಮಾಡಿದರೆ 48 ಕಚ್ಚು, ಬೇಸರವಾಗುತ್ತದೆ. ಎಂಟು ತುಂಡುಗಳನ್ನು ಒತ್ತಾಗಿ ಸಾಲಾಗಿಟ್ಟು, ತುದಿ ಸಮ ಮಾಡಿ, ಕ್ಲ್ಯಾಂಪ್ ಬಿಗಿದು, ಅಡ್ಡಕ್ಕೆ ಒಂದೇ ಗೆರೆ ಎಳೆದು ಗರಗಸದಿಂದ ಅರ್ಧ ದಪ್ಪ ಕೊಯ್ಯಿರಿ. ಆಮೇಲೆ ಉಳಿಯನ್ನು ತುದಿಯ ಕಡೆಯಿಂದ ಮಲಗಿಸಿ ಹಿಡಿದು ತಟ್ಟಿದರೆ ಚಕ್ಕೆ ಹಾರುತ್ತದೆ. ಹಳೆ ಹಲಸಿನಲ್ಲಿ ಉಳಿ ಹೋಗುವಾಗ ಬರುವ ಆ ಸಿಹಿ ವಾಸನೆಗೆ ಕೆಲಸ ನಿಲ್ಲಿಸಿ ಒಂದು ಗಳಿಗೆ ಕೂರಬೇಕು ಅನಿಸುತ್ತದೆ. ಎಷ್ಟೋ ವರ್ಷ ಮಾಡಿನಲ್ಲಿದ್ದರೂ ಅದು ಒಳಗೆ ಉಳಿದಿರುತ್ತದೆ.

ಎರಡು ತುಂಡು ಕಚ್ಚು ಮೇಲಾಗಿ, ಎರಡು ಕಚ್ಚು ಕೆಳಗಾಗಿ ಇಟ್ಟು, ಫೆವಿಕಾಲ್ ಹಚ್ಚಿ ಕೂರಿಸಿ, ದಾರದಿಂದ ಬಿಗಿಯಿರಿ. ಅಂಟು ಆರುವ ಮೊದಲು ಕರ್ಣ ಅಳೆಯಿರಿ: ಎರಡೂ ಒಂದೇ ಇರಬೇಕು, 14 ಇಂಚಿಗೆ ತುಸು ಹೆಚ್ಚು. ಒಂದು ಹೆಚ್ಚಿದ್ದರೆ ಆ ಮೂಲೆಗಳನ್ನು ಮೆಲ್ಲ ಒತ್ತಿ. ಹೀಗೆ ಆರು ಚೌಕ. ಒಂದು ರಾತ್ರಿ ಒಣಗಲಿ. ಮರುದಿನ ಪ್ರತಿ ಮೂಲೆಗೆ ಎರಡು ಮಿ.ಮೀ. ತೂತು.

ಒಂದು ಚೌಕವನ್ನು ನೆಲದ ಮೇಲೆ ಮಲಗಿಸಿ. ಅದರ ಒಂದೊಂದು ಮೂಲೆಗೂ ಒಂದೊಂದು ಚೌಕದ ಕೆಳತುದಿಯನ್ನು ತೆಳು ತಾಮ್ರದ ತಂತಿಯಿಂದ ಕಟ್ಟಿ. ಬಿಗಿಯಬೇಡಿ, ಸಡಿಲವಾಗಿರಲಿ. ನಾಲ್ಕೂ ಚೌಕಗಳನ್ನು ಎತ್ತಿ ನಿಲ್ಲಿಸಿ ಅಕ್ಕಪಕ್ಕದ ಮೂಲೆಗಳನ್ನು ಒಂದಕ್ಕೊಂದು ಕಟ್ಟಿ. ಈಗ ಇಡೀ ಗೂಡು ಅತ್ತಿತ್ತ ಓಲಾಡುತ್ತದೆ, ಎಲ್ಲೋ ತಪ್ಪಿತು ಅನಿಸುತ್ತದೆ. ತಪ್ಪಿಲ್ಲ. ಆರನೆಯ ಚೌಕವನ್ನು ಮೇಲಿಟ್ಟು ನಾಲ್ಕು ಮೂಲೆ ಕಟ್ಟಿ, ಹನ್ನೆರಡೂ ಗಂಟುಗಳ ತಂತಿಯನ್ನು ಇಕ್ಕಳದಿಂದ ಒಂದೊಂದು ಸುತ್ತು ಬಿಗಿಯುತ್ತ ಬನ್ನಿ. ಕೊನೆಯ ಗಂಟು ಬಿಗಿದ ಕೂಡಲೇ ಗೂಡು ಕಲ್ಲಿನ ಹಾಗೆ ನಿಲ್ಲುತ್ತದೆ. ನನ್ನ ಅಕ್ಕನ ಮಗಳು ಇದನ್ನು ಮೊದಲ ಸಲ ಕೈಯಲ್ಲಿ ಹಿಡಿದು, ನಂಬದೆ, ಎರಡೂ ಕೈಯಿಂದ ಒತ್ತಿ ಒತ್ತಿ ನೋಡಿದಳು.

ಕಾಗದ ಅಂಟಿಸಲು ಮೈದಾ ಅಂಟು ಒಳ್ಳೆಯದು. ಕಾಯಿಸುವಾಗ ಒಂದು ಚಿಟಿಕೆ ಮೈಲುತುತ್ತು ಹಾಕಿದರೆ ಜಿರಲೆ ಮುಟ್ಟುವುದಿಲ್ಲ. ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ, ಅಂಟು ಮುಟ್ಟಿದ ಕೈ ತೊಳೆದುಕೊಳ್ಳಿ. ತ್ರಿಕೋನಗಳಿಗೆ ಕೆಂಪು, ಬದಿಯ ಚೌಕಗಳಿಗೆ ಬಿಳಿ ಬಟರ್ ಪೇಪರ್ ನನಗೆ ಇಷ್ಟ. ಮರದ ಬಣ್ಣ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಮೇಲಿನ ಚೌಕ ತೆರೆದಿರಲಿ. ಕೆಳಗಿನದಕ್ಕೆ ಬಾಲ ಇಳಿಬಿಡಿ. ಒಳಗೆ 5 ವಾಟಿನ ಎಲ್‌ಇಡಿ ಸಾಕು. ಎಣ್ಣೆಯ ದೀಪ ಈ ಗೂಡಿಗೆ ಬೇಡ. ತೂಗುವುದು ಮಾಡಿನ ಅಡಿಯಲ್ಲೇ, ಹಿಂಗಾರಿನ ಗುಡುಗುಮಳೆ ಸಂಜೆ ಹೊತ್ತಿಗೇ ಬರುತ್ತದೆ. ತುಳಸಿ ಪೂಜೆ ಮುಗಿದ ಮೇಲೆ ಕಾಗದ ಹರಿದು ಚೌಕಟ್ಟನ್ನು ಎತ್ತಿಡಿ. ಮುಂದಿನ ವರ್ಷಕ್ಕೆ ಹೊಸ ಕಾಗದ ಮಾತ್ರ.

ಗೋದಲಿ, ನಕ್ಷತ್ರ, ಹರಿವಾಣ

ನಕ್ಷತ್ರಕ್ಕೆ ಸಮ ಉದ್ದದ ಐದು ಕಡ್ಡಿ ಒಂದರ ಮೇಲೊಂದು ಹಾಯಿಸಿ ತುದಿಗಳನ್ನು ಕಟ್ಟಿದರಾಯಿತು. ಅಂಥ ಎರಡನ್ನು ಬೆನ್ನಿಗೆ ಬೆನ್ನು ಕೊಟ್ಟು, ಐದು ತುದಿ ಕಟ್ಟಿ, ಒಳಮೂಲೆಗಳಲ್ಲಿ ಮೂರು ಇಂಚಿನ ಚೂರುಗಳನ್ನು ಅಡ್ಡ ಕೊಟ್ಟರೆ ಉಬ್ಬುತ್ತದೆ.

ಗೋದಲಿಗೆ ಪ್ಯಾಲೆಟ್ ಹಲಗೆ, ರೀಪಿನ ತುಂಡು ಎರಡೂ ಆಗುತ್ತದೆ. ಎರಡಡಿ ಅಗಲ, ಒಂದಡಿ ಆಳದ ಹಲಗೆಯ ಮೇಲೆ ಹಿಂದೆ ಎತ್ತರ, ಮುಂದೆ ಗಿಡ್ಡ ಕಂಬ ನಿಲ್ಲಿಸಿ ಇಳಿಜಾರು ಮಾಡು. ಇಲ್ಲಿ ಮರವನ್ನು ಉಜ್ಜಲೇಬೇಡಿ, ಕೊಟ್ಟಿಗೆಗೆ ಮಾಸಿದ ಮರವೇ ಚಂದ. ಮಾಡಿಗೆ ಮುಳಿಹುಲ್ಲು. ನೆರೆಮನೆಯ ಬಾಯಮ್ಮನವರು ಡಿಸೆಂಬರ್ ಎರಡನೇ ವಾರ ತೆಂಗಿನ ಗೆರಟೆಗಳಲ್ಲಿ ರಾಗಿ ಬಿತ್ತುತ್ತಾರೆ, ಹಬ್ಬದ ಹೊತ್ತಿಗೆ ಗೋದಲಿಯ ಸುತ್ತ ಹಸಿರು ಗದ್ದೆ. ನಾನು ಮಾಡಿಕೊಟ್ಟದ್ದರಲ್ಲಿ ಗೆರಟೆ ಕೂರಲು ಮುಂದೆ ಒಂದು ಗೇಣು ಜಾಗ ಬಿಡಿ ಎಂದು ಅವರೇ ಹೇಳಿ ಮಾಡಿಸಿಕೊಂಡರು. ಬಾಲ ಯೇಸುವಿನ ಮೂರ್ತಿಯ ಅಳತೆ ಮೊದಲೇ ಕೇಳಿಕೊಳ್ಳಿ. ಮಾಡು ಗಿಡ್ಡವಾದರೆ ನಿಂತಿರುವ ಕುರುಬರ ಮೂರ್ತಿ ಒಳಗೆ ಹೋಗುವುದಿಲ್ಲ.

ಕುಸ್ವಾರ್ ಹಂಚುವ ಹರಿವಾಣಕ್ಕೆ ಮುಚ್ಚಿಗೆಯ ತೆಳು ಹಲಗೆ ಹೇಳಿ ಮಾಡಿಸಿದ್ದು. 12 ಇಂಚು ಅಗಲ, 18 ಇಂಚು ಉದ್ದ, ಸುತ್ತ ಒಂದೂವರೆ ಇಂಚಿನ ಅಂಚು, ಹಿಡಿಗೆ ಹಳೆ ಬಾಗಿಲಿನ ಹಿತ್ತಾಳೆ ಬಳೆ ಸಿಕ್ಕಿದರೆ ಭಾಗ್ಯ. ನೆವ್ರ್ಯೊ, ಕಿಡ್ಯೊ, ಗುಳಿಯೊಗಳನ್ನು ನೇರ ಮರದ ಮೇಲೆ ಸುರಿಯಬೇಡಿ, ಅದಕ್ಕೆ ಮದ್ದು ಹಾಕಿದ್ದೀರಿ. ದಪ್ಪ ಕಾಗದ ಹಾಸಿ, ಅದರ ಮೇಲೆ ತಟ್ಟೆಯಲ್ಲಿಡಿ.

ಜಗಲಿಗೆ ಬೆಂಚು

ಇದಕ್ಕೆ ಒಂಬತ್ತು–ಹತ್ತಡಿಯ ಮೂರು ಪಕ್ಕಾಸು ಬೇಕು, ನಾಲ್ಕು ಇಂಚು ಅಗಲ, ಎರಡೂವರೆ ಇಂಚು ದಪ್ಪದ್ದು. ಕೂರುವ ಜಾಗಕ್ಕೆ ನಾಲ್ಕಡಿಯ ಮೂರು ತುಂಡು, ಕಾಲಿಗೆ 15 ಇಂಚಿನ ನಾಲ್ಕು, ಅಡ್ಡಪಟ್ಟಿಗೆ 11 ಇಂಚಿನ ನಾಲ್ಕು, ಎರಡು ಕಾಲುಜೋಡಿಯನ್ನು ಸೇರಿಸಲು ಮೂರಡಿಯ ಒಂದು. ಚೆಂದದ ತುಂಡು ಕೂರುವ ಜಾಗಕ್ಕೆ, ಕಲೆ ತೂತು ಇದ್ದದ್ದು ಕಾಲಿಗೆ ಎಂದು ಎಲ್ಲರೂ ಮಾಡುತ್ತಾರೆ. ನಾನು ಉಲ್ಟಾ ಹೇಳುತ್ತೇನೆ: ಭಾರ ಹೊರುವ ಕಾಲಿಗೆ ಅತ್ಯಂತ ಗಟ್ಟಿ ತುಂಡು, ಚರಿತ್ರೆ ಇರುವ ತುಂಡು ಮೇಲೆ, ಕಣ್ಣಿಗೆ ಕಾಣುವಲ್ಲಿ.

ಒಂದು ಜೊತೆ ಕಾಲು ಎಂದರೆ ಎರಡು ಕಾಲು, ತಲೆಯಲ್ಲಿ ಒಂದು ಅಡ್ಡಪಟ್ಟಿ, ನೆಲದಿಂದ ಮೂರು ಇಂಚು ಮೇಲೆ ಇನ್ನೊಂದು. ಗೂಡುದೀಪದಲ್ಲಿ ಮಾಡಿದ ಕಚ್ಚೇ ಇಲ್ಲಿಯೂ, ಅಳತೆ ದೊಡ್ಡದು: ಎರಡೂ ಮರದಿಂದ ಒಂದೂಕಾಲು ಇಂಚು ತೆಗೆದು ಒಂದರಲ್ಲೊಂದು ಕೂರಿಸಬೇಕು. ಗೆರೆಯ ಒಳಗೇ ಕೊಯ್ದು ಉಳಿಯಿಂದ ಸ್ವಲ್ಪ ಸ್ವಲ್ಪ ಕೆತ್ತುತ್ತ ಕೂರಿಸಿ. ಸುತ್ತಿಗೆಯ ನಾಲ್ಕು ಪೆಟ್ಟಿಗೆ ಕೂತರೆ ಸರಿಯಾದ ಬಿಗಿ. ಕೈಯಲ್ಲೇ ಜಾರಿಹೋದರೆ ಸಡಿಲ, ಹತ್ತು ಪೆಟ್ಟು ಬೇಕಾದರೆ ಮರ ಸೀಳುತ್ತದೆ.

ಫೆವಿಕಾಲ್ ಹಾಕಿ, ಒಂದೊಂದು ಮೂಲೆಗೆ ಎರಡು ಇಂಚಿನ ಎರಡು ಸ್ಕ್ರೂ. ಸ್ಟೇನ್‌ಲೆಸ್ ಸ್ಟೀಲಿನದ್ದೇ ಬಳಸಿ, ಕಡಲ ಗಾಳಿಗೆ ಬೇರೆಯದು ಎರಡು ವರ್ಷದಲ್ಲಿ ತುಕ್ಕು ಹಿಡಿಯುತ್ತದೆ. ತೂತು ಕೊರೆಯದೆ ಸ್ಕ್ರೂ ತಿರುಗಿಸಬೇಡಿ. ಕಿರಾಲುಬೋಗಿಯಲ್ಲಿ ತೂತು ಕೊರೆದರೂ ಸ್ಕ್ರೂವಿನ ಕುತ್ತಿಗೆ ಮುರಿಯುತ್ತದೆ. ಅದಕ್ಕೆ ಮೇಣವೋ ಸೋಪೋ ಸವರಿ, ಅರ್ಧ ಸುತ್ತು ಹಿಂದೆ ಒಂದು ಸುತ್ತು ಮುಂದೆ ತಿರುಗಿಸುತ್ತ ಹೋಗಬೇಕು.

ಎರಡು ಕಾಲುಜೋಡಿಗಳನ್ನು ನಿಲ್ಲಿಸಿ, ಕೆಳಗಿನ ಅಡ್ಡಪಟ್ಟಿಗಳ ನಡುವೆ ಮೂರಡಿಯ ತುಂಡು ಕೊಟ್ಟು ಹೊರಗಿನಿಂದ ಉದ್ದ ಸ್ಕ್ರೂ ಬಿಗಿಯಿರಿ. ಸಮತಟ್ಟಾದ ನೆಲದ ಮೇಲೆ ಇಟ್ಟು ನೋಡಿ. ಒಂದು ಕಾಲು ಎದ್ದಿದ್ದರೆ ಉಳಿದ ಮೂರನ್ನು ಕಡಿಯಲು ಹೋಗಬೇಡಿ. ನಾಣ್ಯ ಒಂದರ ಮೇಲೊಂದು ಇಟ್ಟು ಎಷ್ಟು ಎದ್ದಿದೆ ಎಂದು ತಿಳಿದು, ಇನ್ನೊಂದು ಕರ್ಣದ ಎರಡು ಕಾಲುಗಳನ್ನು (ಎದ್ದ ಕಾಲಿನ ಅಕ್ಕಪಕ್ಕದವು) ಅದರ ಅರ್ಧದಷ್ಟು ಕೀಸಿ.

ಮೇಲಿನ ಮೂರು ತುಂಡುಗಳ ನಡುವೆ ಮೂರು ಮಿ.ಮೀ. ಸಂದಿ ಬಿಡಿ. ಆಟಿಯಲ್ಲಿ ಮರ ಉಬ್ಬುತ್ತದೆ, ಮಕರ ಮಾಸದಲ್ಲಿ ಕುಗ್ಗುತ್ತದೆ. ಸಂದಿ ಇಲ್ಲದೆ ಅಂಟಿಸಿದರೆ ಎಲ್ಲೋ ಒಂದು ಕಡೆ ಬಿರಿಯಲೇಬೇಕು. ಅದಕ್ಕೇ ಅವುಗಳಿಗೆ ಅಂಟು ಹಚ್ಚದೆ, ಅಡಿಯಿಂದ ಎಲ್ ಆಕಾರದ ಕ್ಲಿಪ್ಪಿನಲ್ಲಿ, ಉದ್ದ ತೂತಿನಲ್ಲಿ ಸ್ಕ್ರೂ ಬಿಗಿಯುವುದು. ಮರ ಅಲುಗಲು ಜಾಗ ಸಿಗುತ್ತದೆ.

ಉಜ್ಜುವುದು 80 ನಂಬರಿನ ಪೇಪರಿನಿಂದ ಸುರು, 120ಕ್ಕೆ ನಿಲ್ಲಿಸಿ. ಅಂಚುಗಳನ್ನು ಮಾತ್ರ ಇನ್ನಷ್ಟು ಉರುಟು ಮಾಡಿ, ತೊಡೆಗೆ ಒತ್ತಬಾರದು. ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಎರಡು ಸಲ, ದಿನ ಬಿಟ್ಟು ದಿನ, ಹಚ್ಚಿ. ಆ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆಗೆ ತಾನಾಗಿ ಬೆಂಕಿ ಹಿಡಿಯುತ್ತದೆ. ನೀರಿನಲ್ಲಿ ಅದ್ದಿ, ಬಿಡಿಸಿ ಹರಡಿ ಒಣಗಿಸಿ. ಎಣ್ಣೆ ಪೂರ್ತಿ ಆರಿದ ಮೇಲೆ ಜೇನುಮೇಣ ಉಜ್ಜಿದರೆ ಹೊಳಪಲ್ಲ, ಒಂದು ತಣ್ಣನೆ ಕಾಂತಿ ಬರುತ್ತದೆ. ಮಳೆಗಾಲದ ಮೊದಲು ವರ್ಷಕ್ಕೊಮ್ಮೆ ಮೇಣ. ಕಾಲಿನಡಿಗೆ ಸೈಕಲ್ ಟೈರಿನ ತುಂಡು ಹೊಡೆದರೆ ಜಗಲಿ ತೊಳೆದ ನೀರು ಮರಕ್ಕೆ ಏರುವುದಿಲ್ಲ.

ನಮ್ಮ ಬೆಂಚಿನ ಎಡತುದಿಯಲ್ಲಿ ದೊಡ್ಡ ಮೊಳೆಯ ತೂತೊಂದು ಉಂಟು, ಸುತ್ತ ಕಪ್ಪು ಕಲೆ. ಅಡುಗೆ ಕೋಣೆಯ ಮೇಲಿದ್ದ ತುಂಡು ಅದು. ಅಲ್ಲಿ ಮೆಣಸಿನ ಗೋಣಿ ತೂಗುಹಾಕುತ್ತಿದ್ದರೆಂದು ಅಮ್ಮ ನೋಡಿದ ಕೂಡಲೇ ಗುರುತು ಹಿಡಿದರು. ಈಗ ಅವರು ಬಂದರೆ ಕೂರುವುದು ಆ ತುದಿಯಲ್ಲೇ.